ಗಂಗಣ್ಣನಿಗೆ ನಾನು ಹೇಳಿದ ಸುಳ್ಳು

೧೯೯೨ನೇ ಇಸವಿ. ಆಗ ನಾನು ಮಾಗಡಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕನಾಗಿದ್ದೆ. ಊರಿನ ಹೆಸರು ಹೇಳುವುದಿಲ್ಲ, ಇಲ್ಲಿ ಬರುವವರ ಹೆಸರುಗಳನ್ನೂ ಬದಲಾಯಿಸಿದ್ದೇನೆ. ನನ್ನ ತಪ್ಪನ್ನು ಮಾತ್ರ ಇದ್ದ ಹಾಗೇ ಬರೆದಿದ್ದೇನೆ.

ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ತೆಗೆಯುವುದು, ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸುವುದು, ಮಕ್ಕಳ ಲಸಿಕೆಗೆ ಮನೆಮನೆಗೆ ಹೇಳಿಬರುವುದು, ಇವು ನನ್ನ ಕೆಲಸ. ಹಳ್ಳಿಗಳಲ್ಲಿ ನನ್ನನ್ನು ‘ಮಲೇರಿಯಾ ಸಾಹೇಬ್ರು’ ಅನ್ನುತ್ತಿದ್ದರು. ಇವೆಲ್ಲಕ್ಕಿಂತ ಭಾರವಾದದ್ದು ಕುಟುಂಬ ಯೋಜನೆ. ವರ್ಷಕ್ಕೆ ಇಷ್ಟು ಆಪರೇಷನ್ ಮಾಡಿಸಲೇಬೇಕು ಎಂದು ನಮಗೆ ಟಾರ್ಗೆಟ್ ಇರುತ್ತಿತ್ತು. ಹೆಂಗಸರಿಗೆ ಮಾಡುವುದು ಟ್ಯುಬೆಕ್ಟಮಿ, ಗಂಡಸರಿಗೆ ವ್ಯಾಸೆಕ್ಟಮಿ. ಗಂಡಸಿನದು ಹದಿನೈದು ಇಪ್ಪತ್ತು ನಿಮಿಷದ ಕೆಲಸ, ಅದೇ ದಿನ ಮನೆಗೆ ಹೋಗಬಹುದು. ಹೆಂಗಸಿನದಕ್ಕೆ ಹೊಟ್ಟೆಯನ್ನೇ ಕೊಯ್ಯಬೇಕು. ಆದರೂ ನಮ್ಮ ಕ್ಯಾಂಪುಗಳಲ್ಲಿ ಚಾಪೆಯ ಮೇಲೆ ಸಾಲಾಗಿ ಮಲಗಿರುತ್ತಿದ್ದವರು ಹೆಂಗಸರೇ. ಗಂಡಂದಿರು ಹೊರಗೆ ಬೀಡಿ ಸೇದುತ್ತಾ ಕೂತಿರುತ್ತಿದ್ದರು.

ಎಮರ್ಜೆನ್ಸಿ ಕಾಲದಲ್ಲಿ ಹಿಡಿದು ಮಾಡಿಸುತ್ತಾರಂತೆ ಎಂದು ಹುಟ್ಟಿದ್ದ ಹೆದರಿಕೆ ಇನ್ನೂ ಹೋಗಿರಲಿಲ್ಲ, ನಿಜ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಆಪರೇಷನ್ ಆದ ಗಂಡಸು ನೇಗಿಲು ಹಿಡಿಯಲಾರ, ಮೂಟೆ ಹೊರಲಾರ, ಅವನು ಬೀಜ ಹೊಡೆಸಿದ ಎತ್ತು ಎಂಬ ಮಾತು. ಇದನ್ನು ತಮಾಷೆಗೇ ಹೇಳುತ್ತಿದ್ದರು, ಆದರೆ ಎಲ್ಲರೂ ನಿಜವೆಂದೇ ನಂಬಿದ್ದರು.

ಗಂಗಣ್ಣನಿಗೆ ಆಗ ಮೂವತ್ತನಾಲ್ಕು ವರ್ಷ. ಹಿಪ್ಪುನೇರಳೆ ಹಾಕಿ ಮನೆಯಲ್ಲೇ ರೇಷ್ಮೆ ಹುಳು ಸಾಕುತ್ತಿದ್ದ. ಊರ ಮುಂದಿನ ಗುಂಡುಕಲ್ಲನ್ನು ಎದೆಮಟ್ಟಕ್ಕೆ ಎತ್ತುವವರು ಆ ಊರಿನಲ್ಲಿ ಮೂವರೇ ಇದ್ದರು, ಅವರಲ್ಲಿ ಇವನೊಬ್ಬ. ಮಾತು ಕಮ್ಮಿ. ಇಬ್ಬರು ಹೆಣ್ಣುಮಕ್ಕಳು, ಜೊತೆಗೆ ತಾಯಿ ಚೌಡಮ್ಮ. ಹೆಂಡತಿ ಜಯಮ್ಮನಿಗೆ ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ಕವಾಟವೊಂದು ಕಿರಿದಾಗಿತ್ತು. ಇದು ಗೊತ್ತಾದದ್ದು ಎರಡನೆಯ ಹೆರಿಗೆಯಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿ ಆಕೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿವಸ ಮಲಗಿದಾಗ. ನಮ್ಮ ಕೇಂದ್ರದ ಡಾಕ್ಟರಮ್ಮ ಆ ಕಾಗದಗಳನ್ನೆಲ್ಲ ಓದಿ ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: “ಇನ್ನೊಂದು ಬಸಿರು ಈಕೆಯ ಜೀವಕ್ಕೇ ಅಪಾಯ. ಹೊಟ್ಟೆ ಆಪರೇಷನ್ನೂ ಈ ಹೃದಯ ತಡೆಯುತ್ತೆ ಅಂತ ನಾನು ಹೇಳಲಾರೆ. ಗಂಗಣ್ಣ, ನೀವು ಮಾಡಿಸಿಕೊಳ್ಳಬೇಕು.”

ಅವನನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ಸಲ ಅವನ ತೋಟಕ್ಕೆ ಹೋದೆ. ಮೂರು ಸಲ ಅವನು ಸೊಪ್ಪು ಕೊಯ್ಯುತ್ತಲೇ ಇದ್ದ, ನಾನು ಹೇಳುತ್ತಲೇ ಇದ್ದೆ. ನಾಲ್ಕನೆಯ ಸಲ ಕುಡುಗೋಲು ಕೆಳಗಿಟ್ಟು ನೇರವಾಗಿ ಕೇಳಿದ.

“ಸಾ, ನೀವ್ ಮಾಡಿಸ್ಕಂಡಿದೀರಾ?”

ಮಾಡಿಸಿಕೊಂಡಿರಲಿಲ್ಲ. ನಮ್ಮ ಎರಡನೆಯ ಮಗುವಾದ ಮೇಲೆ ನನ್ನ ಹೆಂಡತಿ ಸರೋಜಳಿಗೇ ಮಾಡಿಸಿದ್ದೆ. ಊರೂರು ತಿರುಗಿ ಗಂಡಸರಿಗೆ ಧೈರ್ಯ ಹೇಳುತ್ತಿದ್ದ ನಾನು ನನ್ನ ಸರದಿ ಬಂದಾಗ ಕಾರಣ ಹುಡುಕಿದ್ದೆ. ಸೈಕಲ್ ತುಳಿಯಬೇಕು, ರಜೆ ಸಿಗುವುದಿಲ್ಲ ಎಂದಿದ್ದೆ. ನಿಜವಾದ ಕಾರಣ ಹೆದರಿಕೆ. ಆದರೆ ಗಂಗಣ್ಣನಿಗೆ ನಾನು ಹೇಳಿದ್ದು, “ಮಾಡಿಸ್ಕೊಂಡೇ ಐದು ವರ್ಷ ಆಯ್ತು. ನೋಡಿ, ಹೇಗಿದ್ದೀನಿ.”

ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. “ಹಂಗಾದ್ರೆ ಆಗ್ಲಿ. ಅವ್ವಂಗೆ ಗೊತ್ತಾಗ್ಬಾರ್ದು,” ಅಂದ.

ಸಂಕ್ರಾಂತಿ ಕಳೆದ ವಾರ, ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕಿಬರುತ್ತೇನೆ ಎಂದು ಮನೆಯಲ್ಲಿ ಹೇಳಿ ಹೊರಟ. ಮಾಗಡಿಯಲ್ಲಾದರೆ ಪರಿಚಯದವರು ಸಿಕ್ಕಾರು ಎಂದು ರಾಮನಗರದಲ್ಲೇ ಏರ್ಪಾಡು ಮಾಡಿದ್ದೆ. ಆಪರೇಷನ್ ಸರಿಯಾಗಿಯೇ ಆಯಿತು. ತಪ್ಪಾದದ್ದು ಆಮೇಲೆ, ನನ್ನಿಂದ.

ವ್ಯಾಸೆಕ್ಟಮಿ ಆದ ಕೂಡಲೇ ಫಲ ಕೊಡುವುದಿಲ್ಲ. ನಾಳ ಕತ್ತರಿಸಿದರೂ ಅದರ ಮುಂದಿನ ದಾರಿಯಲ್ಲಿ ಮೊದಲೇ ಸೇರಿಕೊಂಡ ವೀರ್ಯಾಣುಗಳು ಉಳಿದಿರುತ್ತವೆ. ಅವು ಖಾಲಿಯಾಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ್, ಅಂದರೆ ಕಾಂಡೋಮ್, ಬಳಸಬೇಕು, ಆಮೇಲೆ ಪರೀಕ್ಷೆ ಮಾಡಿಸಬೇಕು. ಇದನ್ನು ಬಿಡಿಸಿ ಹೇಳುವುದು ನನ್ನ ಕೆಲಸವಾಗಿತ್ತು. ಆಸ್ಪತ್ರೆಯ ಜಗಲಿಯಲ್ಲಿ ಗಂಗಣ್ಣ ತಲೆ ತಗ್ಗಿಸಿ ಕೂತಿದ್ದ. ಅಕ್ಕಪಕ್ಕ ಜನ ಓಡಾಡುತ್ತಿದ್ದರು. ನನಗೆ ನಾಚಿಕೆಯಾಯಿತು. ನಿರೋಧ್ ಪೊಟ್ಟಣವನ್ನು ಅವನ ಚೀಲಕ್ಕೆ ತುರುಕಿ, “ಇಟ್ಕೊಳ್ಳಿ ಗಂಗಣ್ಣ, ಒಂದಷ್ಟು ದಿವಸ ಬೇಕಾಗುತ್ತೆ,” ಎಂದು ಕಣ್ಣು ಹೊಡೆದು ನಕ್ಕೆ. ಅವನೂ ನಕ್ಕ. ಗಂಡಸರು ಈ ವಿಷಯವನ್ನು ಇಷ್ಟರಲ್ಲೇ ಮುಗಿಸುತ್ತೇವೆ. ಕಚೇರಿಗೆ ಬಂದು ರಿಜಿಸ್ಟರಿನಲ್ಲಿ ‘ತಿಳುವಳಿಕೆ ನೀಡಲಾಗಿದೆ’ ಎಂದು ಬರೆದೆ. ಅವನು ಆ ಪೊಟ್ಟಣವನ್ನು ತಾಯಿಯ ಕಣ್ಣಿಗೆ ಬಿದ್ದೀತೆಂದು ದಾರಿಯಲ್ಲೇ ಎಸೆದಿದ್ದನೆಂದು ಆಮೇಲೆ ಗೊತ್ತಾಯಿತು.

ಮಾರ್ಚ್ ಎರಡನೆಯ ವಾರ ಜಯಮ್ಮ ಒಬ್ಬಳೇ ನಮ್ಮ ಕೇಂದ್ರಕ್ಕೆ ಬಂದಳು. ಬಸ್‌ಸ್ಟ್ಯಾಂಡಿನಿಂದ ಅಷ್ಟು ದೂರ ನಡೆದುಬಂದದ್ದಕ್ಕೇ ಏದುಸಿರು. ಡಾಕ್ಟರಮ್ಮ ಪರೀಕ್ಷೆ ಮಾಡಿ ಎಂಟು ವಾರದ ಬಸಿರು ಎಂದರು. ಬೇಗ ತೆಗೆಸಬೇಕು, ದಿನ ಕಳೆದಷ್ಟೂ ಕಷ್ಟ, ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ನಾಳೆಯೇ ಹೋಗಿ, ಚೀಟಿ ಬರೆದುಕೊಡುತ್ತೇನೆ ಎಂದರು. ಜಯಮ್ಮ ತಲೆ ಅಲ್ಲಾಡಿಸಿದಳು.

“ತೆಗೆಸಾಕಿಲ್ಲ ಕಣಮ್ಮ. ತೆಗೆಸ್ಬುಟ್ರೆ ತೆಪ್ಪು ಮಾಡಿದ್ಲು, ಅದ್ಕೇ ತೆಗೆಸ್ಕಂಡ್ಲು ಅಂತ ಅವ್ರು ಜೀವ್ನ ಪೂರ್ತಿ ಅಂದ್ಕತಾರೆ. ಹದಿನೈದು ದಿವ್ಸದಿಂದ ನನ್ ಮಕ ನೋಡಿಲ್ಲ. ಬೈಯಾಕೂ ಇಲ್ಲ, ಹೊಡ್ಯಾಕೂ ಇಲ್ಲ. ನಾನ್ ಇಕ್ಕಿದ್ ಅನ್ನ ಹಂಗೇ ಬುಟ್ಟು ಎದ್ದೋಯ್ತಾರೆ.”

ಮನೆಯಲ್ಲಿ ಚೌಡಮ್ಮನಿಗೆ ಈ ಸಲ ಗಂಡುಮಗು ಎಂಬ ಸಂಭ್ರಮ. ಅವರಿಗೆ ಆಪರೇಷನ್ ವಿಷಯವೇ ಗೊತ್ತಿಲ್ಲವಲ್ಲ. ಗೊತ್ತಿದ್ದವರು ಗಂಡ ಹೆಂಡತಿ ಇಬ್ಬರೇ, ಅವರಿಬ್ಬರ ನಡುವೆ ಮಾತೇ ಇಲ್ಲ.

ಡಾಕ್ಟರಮ್ಮ ನನ್ನ ಕಡೆ ತಿರುಗಿ, “ಮೂರು ತಿಂಗಳ ವಿಷಯ ಅವರಿಗೆ ಸರಿಯಾಗಿ ಹೇಳಿದ್ರಿ ತಾನೆ?” ಎಂದು ಕೇಳಿದರು. ರಿಜಿಸ್ಟರ್ ಅವರ ಮೇಜಿನ ಮೇಲೇ ಇತ್ತು. ಇಲ್ಲ ಎಂದೆ. ಅವರು ಬೈಯಲಿಲ್ಲ. “ಹಾಗಾದರೆ ಈಗ ಹೋಗಿ ಹೇಳಿ,” ಎಂದರು.

ಸೈಕಲ್ ಹತ್ತಿ ಹೋದೆ. ಗಂಗಣ್ಣ ತೋಟದಲ್ಲಿದ್ದ. ಮೂರು ತಿಂಗಳ ಲೆಕ್ಕ, ಪೊಟ್ಟಣದ ಕಾರಣ, ಎಲ್ಲವನ್ನೂ ಜನವರಿಯಲ್ಲಿ ಹೇಳಬೇಕಾಗಿದ್ದ ಹಾಗೆ ಬಿಡಿಸಿ ಹೇಳಿದೆ. ಒಂದು ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ, ರಾಮನಗರಕ್ಕೆ ಬನ್ನಿ ಎಂದೆ. ಅವನು ಪೂರ್ತಿ ಕೇಳಿಸಿಕೊಂಡ.

“ಎಲ್ಲಾ ಸರಿ ಸಾ. ನಿಮ್ಗೂ ಆಗೈತಲ್ಲಾ? ನಿಮ್ಮನೇಲಿ ಹಿಂಗಾಯ್ತಾ?”

ಹೆಂಡತಿಯ ಮೇಲೆ ಅನುಮಾನಪಡಲು ಅವನು ಹಿಡಿದುಕೊಂಡಿದ್ದ ಸಾಕ್ಷಿ ನಾನೇ ಎಂದು ಆ ಕ್ಷಣದಲ್ಲಿ ತಿಳಿಯಿತು. ಮಲೇರಿಯಾ ಸಾಹೇಬ್ರಿಗೆ ಐದು ವರ್ಷದ ಹಿಂದೆಯೇ ಆಪರೇಷನ್ ಆಗಿದೆ, ಅವರ ಮನೆಯಲ್ಲಿ ಏನೂ ಆಗಿಲ್ಲ. ಹಾಗಾದರೆ ತನ್ನ ಮನೆಯಲ್ಲಿ ಏಕಾಯಿತು? ಹದಿನೈದು ದಿವಸ ಅವನು ಇದನ್ನೇ ಲೆಕ್ಕ ಹಾಕಿದ್ದ.

“ನನಗೆ ಆಗಿಲ್ಲ ಗಂಗಣ್ಣ,” ಎಂದೆ. “ಅವತ್ತು ಸುಳ್ಳು ಹೇಳಿದೆ. ಮಾಡಿಸಿದ್ದು ನನ್ನ ಹೆಂಡತಿಗೆ. ನನಗೆ ಹೆದರಿಕೆಯಾಗಿತ್ತು.”

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ನನಗೂ ಹಗುರವಾಗುತ್ತಿತ್ತು. ಅವನು ನನ್ನ ಮುಖವನ್ನೇ ನೋಡಿ, “ನಾನು ನಿಮ್ಮನ್ನ ನಂಬ್ಕಂಡು ಅವಳ್ನ ನಂಬ್ನಿಲ್ವಲ್ಲ ಸಾ,” ಅಂದ. ಸೊಪ್ಪಿನ ಹೊರೆಯನ್ನು ಅಲ್ಲೇ ಬಿಟ್ಟು ಮನೆಯ ಕಡೆ ನಡೆದ.

ಮಾರನೆಯ ದಿನ ಬೆಳಿಗ್ಗೆ ಏಳೂವರೆಗೆ ನಮ್ಮ ಕೇಂದ್ರದ ಬಾಗಿಲಲ್ಲಿ ನಿಂತಿದ್ದ. “ಆ ಪರೀಕ್ಸೆ ಮಾಡಿಸ್ಬುಡಾನ ಸಾ,” ಅಂದ. ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತು ರಾಮನಗರಕ್ಕೆ ಹೋದೆವು. ಪರೀಕ್ಷೆಗೆ ಮಾದರಿ ಕೊಡುವುದು ಯಾವ ಗಂಡಸಿಗೂ ಮುಜುಗರದ ಕೆಲಸ. ಆಸ್ಪತ್ರೆಯ ಹಿಂದಿನ ಕೋಣೆಗೆ ಹೋಗಿಬಂದಾಗ ಅವನ ಕಿವಿಗಳೆಲ್ಲ ಕೆಂಪಾಗಿದ್ದವು. ಲ್ಯಾಬಿನಲ್ಲಿದ್ದವರು ಹಿರಿಯರು. ನಾನು ವಿಷಯ ಹೇಳಿದ್ದೆ. ಅವರು ಗಾಜನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಿ, ಸ್ಟೂಲು ಎಳೆದು, “ನೀವೇ ನೋಡಿಯಪ್ಪ,” ಎಂದರು.

ಗಂಗಣ್ಣ ಬಗ್ಗಿ ನೋಡಿದ. ವೀರ್ಯಾಣುಗಳಲ್ಲಿ ಹೆಚ್ಚಿನವು ಸತ್ತು ಬಿದ್ದಿದ್ದವು. ಅಲ್ಲೊಂದು ಇಲ್ಲೊಂದು ಮಾತ್ರ ಕುಂಟೆಯ ನೀರಿನ ಗೊದಮೊಟ್ಟೆಗಳ ಹಾಗೆ ಬಾಲ ಆಡಿಸುತ್ತಿದ್ದವು. “ಇನ್ನೂ ಖಾಲಿಯಾಗಿಲ್ಲ. ಬಸಿರು ನಿಂತಾಗ ಇನ್ನೂ ಜಾಸ್ತಿ ಇದ್ದಿರುತ್ತವೆ,” ಎಂದು ಅವರು ವಿವರಿಸಿದರು. ಅವನು ತುಂಬ ಹೊತ್ತು ತಲೆ ಎತ್ತಲಿಲ್ಲ. ಎತ್ತಿದಾಗ ಕಣ್ಣಲ್ಲಿ ನೀರಿತ್ತು. ಒರೆಸಿಕೊಳ್ಳುವುದನ್ನೂ ಮರೆತಿದ್ದ. ಆ ಊರಿನ ಗಂಡಸೊಬ್ಬ ಹಗಲು ಹೊತ್ತಿನಲ್ಲಿ, ಇನ್ನಿಬ್ಬರು ಗಂಡಸರ ಎದುರಿಗೆ ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಾಯಂಕಾಲ ಮನೆಗೆ ಹೋದವನೇ ಮೊದಲು ತಾಯಿಗೆ ಹೇಳಿದ. ಜಗಲಿಯ ಮೇಲೆ ಅಕ್ಕಪಕ್ಕದವರು ಕೂತಿದ್ದರಂತೆ. ಒಳಗೆ ಕರೆದು ಹೇಳಬಹುದಾಗಿತ್ತು. ಹಾಗೆ ಮಾಡಲಿಲ್ಲ. “ಅವ್ವ, ನಾನ್ ಆಪ್ರೇಸನ್ ಮಾಡಿಸ್ಕಂಡಿದೀನಿ. ಇದು ಹೆಂಗೋ ನಿಂತ್ಬುಟ್ಟೈತೆ. ಇದ್ನ ಇಟ್ಕಂಡ್ರೆ ಜಯ ಉಳ್ಯಾಕಿಲ್ಲ. ನಾಳೆ ಬೆಂಗ್ಳೂರಿಗೆ ಕರ್ಕಂಡ್ ಹೋಯ್ತೀನಿ,” ಎಂದನಂತೆ. ಮುಂದೆ ಚೌಡಮ್ಮ ಕಂಡಾಗಲೆಲ್ಲ ನನ್ನನ್ನು ತಡೆದು ನಿಲ್ಲಿಸಿ, “ನನ್ ಮಗನ್ನ ಎತ್ತು ಮಾಡ್ಬುಟ್ಟೆಯಲ್ಲಪ್ಪ,” ಅನ್ನುತ್ತಿದ್ದರು. ಅರಳಿಕಟ್ಟೆಯ ಗಂಡಸರು ಅವನ ಬೆನ್ನ ಹಿಂದೆ ಇದಕ್ಕಿಂತ ಕೆಟ್ಟದಾಗಿ ಆಡಿಕೊಂಡರು.

ಬೆಂಗಳೂರಿಗೆ ಹೊರಡುವ ಮುಂಚೆ ಚೀಟಿಗಾಗಿ ಇಬ್ಬರೂ ನಮ್ಮ ಕೇಂದ್ರಕ್ಕೆ ಬಂದರು. ಡಾಕ್ಟರಮ್ಮ, “ನಿಮ್ಮವರಿಗೆ ಎಲ್ಲಾ ಅರ್ಥವಾಗಿದೆ ಜಯಮ್ಮ, ಇನ್ನು ಧೈರ್ಯವಾಗಿರಿ,” ಎಂದರು. ಜಯಮ್ಮ ಗಂಡನ ಕಡೆ ನೋಡದೆ ಡಾಕ್ಟರಮ್ಮನಿಗೇ ಉತ್ತರ ಕೊಟ್ಟಳು.

“ಒಂಬತ್ತು ವರ್ಸ ಇವ್ರ ಜೊತೇಲಿ ಬಾಳಿದೀನಿ. ಅದು ಸಾಲ್ನಿಲ್ಲ. ಆ ಗಾಜ್ನಾಗೆ ನೋಡ್ಬೇಕಾಯ್ತು.”

ಗಂಗಣ್ಣ ಅವಳ ಕೈಚೀಲವನ್ನು ತಾನು ತೆಗೆದುಕೊಂಡ. ನಾನು ಚೀಟಿಗೆ ಮೊಹರು ಹಾಕುತ್ತಿದ್ದೆ. ಆ ಮಾತು ನನಗೂ ಸೇರಿದ್ದೆಂದು ನನಗೆ ಗೊತ್ತಿತ್ತು.

ಬೆಂಗಳೂರಿನಲ್ಲಿ ಎಲ್ಲವೂ ಸುಸೂತ್ರವಾಗಿ ಮುಗಿಯಿತು. ನಾಲ್ಕನೆಯ ದಿನ ಜಯಮ್ಮ ವಾಪಸು ಬಂದಳು. ಕವಾಟದ ಚಿಕಿತ್ಸೆಯೂ ಮುಂದೆ ಆಯಿತು. ಆಕೆ ಇಂದಿಗೂ ಇದ್ದಾಳೆ, ಮೊಮ್ಮಕ್ಕಳನ್ನು ಕಂಡಿದ್ದಾಳೆ. ಡಾಕ್ಟರಮ್ಮ ನನ್ನ ಮೇಲೆ ವರದಿ ಬರೆಯಲಿಲ್ಲ. ‘ತಿಳುವಳಿಕೆ ನೀಡಲಾಗಿದೆ’ ಎಂಬ ಸಾಲನ್ನು ನನ್ನ ಕೈಯಲ್ಲೇ ಹೊಡೆದುಹಾಕಿಸಿ, ನಡೆದದ್ದನ್ನು ಬರೆಸಿ, ಸಹಿ ಹಾಕಿಸಿದರು. ಆಮೇಲಿನ ವರ್ಷಗಳಲ್ಲಿ ಗಂಡಸರ ಹತ್ತಿರ ಈ ವಿಷಯ ಮಾತಾಡುವಾಗ ನಾನು ಮೊದಲು ಹೇಳುತ್ತಿದ್ದದ್ದು, “ನಾನು ಮಾಡಿಸಿಕೊಂಡಿಲ್ಲ, ನನಗೆ ಹೆದರಿಕೆಯಾಗಿತ್ತು,” ಎಂದು. ಎಷ್ಟೋ ಜನ ಅದನ್ನು ಕೇಳಿ ನಕ್ಕು ಎದ್ದುಹೋದರು. ನಾಲ್ಕು ಜನ ಮಾತ್ರ ಕೂತು, ತಮಗೂ ಹೆದರಿಕೆ ಎಂದು ಹೇಳಿ, ಕೇಳಬೇಕಾದ್ದನ್ನೆಲ್ಲ ಕೇಳಿ, ಮಾಡಿಸಿಕೊಂಡರು. ಟಾರ್ಗೆಟ್ಟಿಗೆ ಅದು ಏನೇನೂ ಸಾಲದು. ಪ್ರತಿವರ್ಷ ಬೈಸಿಕೊಂಡೆ.

ನಿವೃತ್ತಿಯ ವರ್ಷ ಗಂಗಣ್ಣ ಮಾಗಡಿಯಲ್ಲಿ ಸಿಕ್ಕ. ಇಬ್ಬರ ಕೂದಲೂ ಬೆಳ್ಳಗಾಗಿತ್ತು. ಕಾಫಿ ಕುಡಿಯುತ್ತಾ, ಇಷ್ಟು ವರ್ಷ ಮನಸ್ಸಿನಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ: ಜಯಮ್ಮ ಅದನ್ನೆಲ್ಲ ಮರೆತಳಾ, ಕ್ಷಮಿಸಿದಳಾ?

“ಗೊತ್ತಿಲ್ಲ ಸಾ,” ಅಂದ. “ಕೇಳಾಕೆ ಧೈರ್ಯ ಬಂದಿಲ್ಲ.”

ಗಂಡಸರಿಗೆ ಧೈರ್ಯ ಹೇಳುವ ಕೆಲಸಕ್ಕೇ ಸರ್ಕಾರ ನನ್ನನ್ನು ಇಟ್ಟಿತ್ತು. ಧೈರ್ಯ ಬೇಕಾಗಿದ್ದದ್ದು ಆಪರೇಷನ್ ಮೇಜಿನ ಮೇಲಲ್ಲ, ಮನೆಯೊಳಗೆ ಎಂದು ತಿಳಿಯಲು ನನಗೆ ಇಡೀ ಸರ್ವೀಸೇ ಬೇಕಾಯಿತು. ಆವತ್ತು ಮನೆಗೆ ಹೋದಾಗ ಸರೋಜ ಹುರುಳಿಕಾಯಿ ಮುರಿಯುತ್ತಾ ಕೂತಿದ್ದಳು. ಎದುರಿಗೆ ಕೂತು ಕೇಳಿದೆ: “ಆವಾಗ, ಆಪರೇಷನ್ನಿಗೆ ಹೋಗುವಾಗ, ನಿನಗೆ ಹೆದರಿಕೆಯಾಗಿತ್ತಾ?”

ಅವಳ ಕೈ ನಿಂತಿತು. “ಈಗ ಕೇಳ್ತಿದೀರಾ?” ಅಂದಳು. ಆಮೇಲೆ ಹೇಳತೊಡಗಿದಳು.