ಕೆರೆಗೆ ಬಿಟ್ಟ ಗುಳಿಗೆಗಳು

ಸೂರ್ಯ ಇನ್ನೂ ಮೂಡಿಲ್ಲ. ತಿಕೋಟಾದಿಂದ ಬಬಲೇಶ್ವರದ ಕಡೆ ಹೋಗುವಾಗ ಸಿಗುವ ಕೆರೆಯಲ್ಲಿ ಅಮೋಘಸಿದ್ದ ಮೊಣಕಾಲು ಮಟ್ಟ ನೀರಿಗಿಳಿದು, ಬಿದಿರಿಗೆ ಕಟ್ಟಿದ ಸೊಳ್ಳೆಪರದೆಯ ಬಲೆ ಎಳೆಯುತ್ತಿದ್ದಾರೆ. ಮೀನಿಗಲ್ಲ. ದಂಡೆಗೆ ತಂದು ಕೊಡವಿದರೆ ಬೀಳುವುದು ಒಂದು ದಿಂಬು, ಒಂದು ಹಳೆಯ ಧೋತರ, ಅದರ ಸೆರಗಿಗೆ ಗಂಟು ಹಾಕಿದ ಗುಳಿಗೆಯ ಪಟ್ಟಿಗಳು. ಪಟ್ಟಿಯಿಂದ ಬಿಚ್ಚಿದ್ದ ಗುಳಿಗೆಗಳು ಆಗಲೇ ನೆನೆದು ಹಿಟ್ಟಾಗಿವೆ.

"ಗುರಣ್ಣ ಮುತ್ಯಾಂದ್ರಿ ಇದು. ಮೂರು ದಿನಾ ಆತು ಹೋಗಿ," ಎಂದು ತೀರಿಕೊಂಡ ಅಜ್ಜನ ಹೆಸರು ಹೇಳುತ್ತಾರೆ.

ಸತ್ತವರು ಬಳಸಿದ್ದನ್ನು ನೀರಿಗೆ ಬಿಡುವುದು ಈ ಊರಿನ ರೂಢಿ. ಉಳಿದ ಔಷಧವೂ ಅದರ ಜೊತೆಗೇ ಹೋಗುತ್ತದೆ. ತಿಪ್ಪೆಗೆ ಹಾಕಿದರೆ ದನ ತಿಂದಾವು, ಮನೆಯಲ್ಲಿಟ್ಟರೆ ಜಡ್ಡು ಉಳಿದೀತು, ನೀರಿಗೆ ಬಿಟ್ಟರೆ ಎಲ್ಲ ಮುಗಿಯಿತು ಎಂಬ ಲೆಕ್ಕ. ಎಲ್ಲಿಯ ಮುಗಿಯುವುದು? ಅದೇ ನೀರು ಟಾಕಿಗೆ ಏರಿ ಆರುನೂರು ಮನೆಗಳ ಕೊಡಕ್ಕೆ ಬರುತ್ತದೆ. ಬ್ಲೀಚಿಂಗ್ ಪುಡಿ ಹಾಕಿ, ವಾಲ್ವ್ ತಿರುವಿ ಅದನ್ನು ಬಿಡುವವರೂ ಇದೇ ಅಮೋಘಸಿದ್ದ. ಮೇಲ್ದಂಡೆಯ ಕೋಳಿ ಫಾರ್ಮಿನಲ್ಲಿ ಔಷಧದ ಡಬ್ಬಿ ತೊಳೆದ ನೀರು ಮಳೆಗಾಲದ ಹಳ್ಳ ಹಿಡಿದು ಇಲ್ಲಿಗೇ ಬರುತ್ತದೆ. ಅದನ್ನು ತಡೆಯುವ ಬಲೆ ಅವರ ಬಳಿ ಇಲ್ಲ.

ಊರಿನ ಹೆಸರು ಬರೆಯಬೇಡಿ, ಬರೆದರೆ ನಮ್ಮೂರಿಗೆ ಯಾರೂ ಹೆಣ್ಣು ಕೊಡಲಿಕ್ಕಿಲ್ಲ ಎಂದು ನಗುತ್ತಲೇ ಹೇಳುತ್ತಾರೆ. ಹಾಗಾಗಿ ಬರೆದಿಲ್ಲ.

ಇವರದು ಕುರಿ ಕಾಯುವ ಮನೆತನ. ಕುರಿ ಮಾರಿ ನೀರುಗಂಟಿಯಾಗಿ ಇಪ್ಪತ್ತು ವರ್ಷ ದಾಟಿದೆ. ವಾಲ್ವ್ ತಿರುವುವುದು ಪಂಚಾಯಿತಿ ಕೊಟ್ಟ ಕೆಲಸ. ಬಲೆ ಎಳೆಯಲು ಮಾತ್ರ ಯಾರೂ ಹೇಳಿಲ್ಲ. ಅದು ಶುರುವಾದದ್ದು ಹೆಂಡತಿ ಗುರುಬಾಯಿಯ ಕಾಲಿನಿಂದ.

ಹೋದ ವರ್ಷ ಆಕೆಗೆ ಜಾಲಿಮುಳ್ಳು ನಟ್ಟಿತು. ಮೊದಲೇ ಸಕ್ಕರೆ ಕಾಯಿಲೆ, ಗಾಯ ಮಾಯಲಿಲ್ಲ. ಒಂದು ಗುಳಿಗೆ ಆಯಿತು, ಇನ್ನೊಂದಾಯಿತು, ಇಂಜೆಕ್ಷನ್ ಆಯಿತು. ಕೊನೆಗೆ ವಿಜಯಪುರದ ಸ್ಟೇಷನ್ ರಸ್ತೆಯ ದವಾಖಾನೆಯೊಂದರಲ್ಲಿ ಡಾಕ್ಟರ್ ನಂದಾ ಕೀವನ್ನು ಪರೀಕ್ಷೆಗೆ ಕಳಿಸಿದರು. ಗಾಯದಲ್ಲಿದ್ದ ಕ್ರಿಮಿಗಳು ಮಾಮೂಲಿ ಔಷಧಗಳಿಗೆ ಜಗ್ಗುವಂಥವಲ್ಲ ಎಂದು ಗೊತ್ತಾಯಿತು. ಅಷ್ಟರಲ್ಲಿ ಎರಡು ಬೆರಳು ಹೋಗಿದ್ದವು.

ಆಮೇಲೆ ನಂದಾ ಕೇಳಿದ್ದು ಊರಿನ ನೀರಿನ ವಿಷಯ. ಔಷಧ ಚೂರುಚೂರೇ ನೀರಿಗೆ ಬೀಳುತ್ತಿದ್ದರೆ ಮೆತ್ತಗಿನ ಕ್ರಿಮಿ ಸಾಯುತ್ತವೆ, ಗಟ್ಟಿಯವು ಉಳಿದು ಹೆಚ್ಚುತ್ತವೆ, ತಮ್ಮ ಗಟ್ಟಿತನವನ್ನು ಪಕ್ಕದ ಕ್ರಿಮಿಗೂ ಕೊಡುತ್ತವೆ ಎಂದು ಬಿಡಿಸಿ ಹೇಳಿದರಂತೆ. ಗುರುಬಾಯಿಯ ಗಾಯಕ್ಕೆ ಕ್ರಿಮಿ ಬಂದದ್ದು ಈ ಕೆರೆಯಿಂದಲೇ ಎಂದು ಅವರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

"ಆಕಿ ಗಾಯಾ ತೊಳದ ನೀರ ಬಿಟ್ಟಾಂವ ನಾನ ಅಲ್ಲೇನ್ರಿ. ಆವತ್ತಿಂದ ವಾಲ್ವ್ ತಿರುವೂಕಿಂತ ಮೊದಲ ಕೆರಿ ನೋಡಿ ಬರತೇನಿ," ಎನ್ನುತ್ತಾರೆ ಅಮೋಘಸಿದ್ದ.

ಊರಿಗೆ ಹೇಳಿದರೆ ಊರು ನಕ್ಕಿತು. ನೀರಿಗೆ ಔಷಧಿ ಬಿದ್ದರೆ ಛಲೋನೇ ಆಯಿತಲ್ಲ, ಎಲ್ಲರಿಗೂ ಪುಕ್ಕಟೆ ದವಾಖಾನೆ ಎಂದು ಕಟ್ಟೆಯ ಮೇಲೆ ಕೂತವರು ಚೇಷ್ಟೆ ಮಾಡಿದರು. ನಿನ್ನೆ ಗುರಣ್ಣನ ಮಗಳು ರೇಣುಕಾ ಗಂಟು ಹಿಡಿದು ಬಂದಾಗ ಇವರು ದಂಡೆಯ ಮೇಲೆ ಅಡ್ಡ ನಿಂತರು. ಬಟ್ಟೆ ಬಿಡವ್ವ, ಗುಳಿಗೆ ನನ್ನ ಕೈಗೆ ಕೊಡು ಎಂದು ಬೇಡಿಕೊಂಡರು.

"ನಮ್ಮಪ್ಪನ ಕಡೀ ಕೆಲಸಕ್ಕೂ ಅಡ್ಡ ಬರತಿ ಏನು ಕಾಕಾ?" ಎಂದಳಂತೆ ಆಕೆ, ಅಳುತ್ತಾ. ಅಳುವ ಹೆಣ್ಣುಮಗಳ ಮುಂದೆ ಯಾವ ಕ್ರಿಮಿಯ ಮಾತು ಆಡುವುದು? ಇವರು ಸರಿದು ನಿಂತರು. ಇವತ್ತು ಬೆಳಗಾಗುವ ಮುಂಚೆ ಬಲೆ ಹಿಡಿದು ಬಂದರು. ಕರಗಿ ಹೋದದ್ದು ಹೋಯಿತು.

ಹಿಡಿದ ಗುಳಿಗೆಗಳನ್ನು ಏನು ಮಾಡುವುದೆಂಬುದೇ ದೊಡ್ಡ ತಲೆನೋವು. ಒಮ್ಮೆ ಚೀಲ ತುಂಬಿ ವಿಜಯಪುರಕ್ಕೆ ಒಯ್ದರು. ಔಷಧ ಅಂಗಡಿಯವರು ಮಾರಿದ್ದನ್ನು ಮರಳಿ ಪಡೆಯುವುದಿಲ್ಲ ಎಂದರು. ಸರಕಾರಿ ಕಚೇರಿಯಲ್ಲಿ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಚೀಲ ಹೊತ್ತುಕೊಂಡು ಬಸ್ಸು ಹತ್ತಿದ್ದಾಯಿತು. ಕೇಳಿದವರಿಗೆ ಸಿಟ್ಟು ಬರುತ್ತದೆ. ಅಮೋಘಸಿದ್ದರಿಗೆ ಬರುವುದಿಲ್ಲ.

"ಎಲ್ಲ್ಯಾರ ಒಂದ ಕಡೆ ತಗೊಳ್ಳಾವ್ರಿದ್ರ ಸಾಕ್ರಿ. ಮನಿ ಮನಿಗೆ ಹೋಗಿ ನಾನ ಬೇಡಿಕೊಂಡ ಬರತೇನಿ," ಎನ್ನುತ್ತಾರೆ.

ಸದ್ಯಕ್ಕೆ ಮನೆಯ ಹಿಂದೆ ಮುಚ್ಚಳವಿರುವ ಪ್ಲಾಸ್ಟಿಕ್ ಡ್ರಮ್ ಇದೆ. ಗುರಣ್ಣನ ಪಟ್ಟಿಗಳು ಅದರೊಳಗೆ ಬೀಳುತ್ತವೆ. ಗುರುಬಾಯಿ ಹೊಸ್ತಿಲ ಬಳಿ ಕಾಲು ಚಾಚಿ ಕೂತಿದ್ದಾರೆ. ಗಾಯಕ್ಕೆ ಕಟ್ಟಿದ ಬಟ್ಟೆ ಈಗ ಹಿಮ್ಮಡದವರೆಗೆ ಬಂದಿದೆ. ಉಳಿದಿರುವುದು ಒಂದೇ ಔಷಧ, ಅದೂ ನಾಟದಿದ್ದರೆ ಮುಂದೇನೆಂದು ಡಾಕ್ಟರು ಹೇಳಿಲ್ಲ. ನಾಟದೇ ಹೋದ ಹಿಂದಿನ ಗುಳಿಗೆಗಳೆಲ್ಲ ಆಕೆಯ ಪಕ್ಕದ ಬುಟ್ಟಿಯಲ್ಲಿವೆ. ಆಕೆ ಬುಟ್ಟಿಯನ್ನು ಗಂಡನ ಕಡೆ ಸರಿಸುತ್ತಾರೆ.

"ನಾ ಹೋದ್ರ ಸೀರಿ ಬಿಡು, ದಿಂಬ ಬಿಡು. ಇವನ್ನ ಮಾತ್ರ ಕೆರಿಗೆ ಬಿಡಬ್ಯಾಡ."

ಅಮೋಘಸಿದ್ದ ಬುಟ್ಟಿಯನ್ನು ಡ್ರಮ್ಮಿಗೆ ಸುರಿದು, ಮುಚ್ಚಳ ಒತ್ತಿ, ನೀರು ಬಿಡುವ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ.