ಚಂದ್ರ ತಡವಾಗಿ ತಲುಪಿದ ಬೀದಿ

ಅವಳು ಒಂದು ಕಡೆ ಕೂತು ಒಂದು ಲೋಟ ಚಹಾ ಮುಗಿಸಿದ್ದನ್ನು ಆ ಬೀದಿಯಲ್ಲಿ ಯಾರೂ ಕಂಡವರಿಲ್ಲ. ಅರ್ಧ ಲೋಟ ಅಡುಗೆಮನೆಯಲ್ಲಿ, ಇನ್ನೊಂದಿಷ್ಟು ಹೊಸ್ತಿಲಲ್ಲಿ, ತಳದಲ್ಲಿ ಉಳಿದದ್ದು ಎದುರುಮನೆಯ ಮೆಟ್ಟಿಲ ಮೇಲೆ. ಎಷ್ಟೋ ಸಲ ಲೋಟ ಅಲ್ಲೇ ಉಳಿದುಬಿಡುತ್ತಿತ್ತು, ಅವಳು ಮಾತ್ರ ಬೀದಿಯ ಆ ತುದಿ ಸೇರಿರುತ್ತಿದ್ದಳು. ಜುಲೈಯಲ್ಲಿ ಬೆವರಿಳಿಸಿ ಚಳಿಗಾಲದಲ್ಲಿ ಮಂಜು ಕವಿಯುವ ಬಂದರಿನ ಊರದು, ಆ ಬೀದಿಯ ಸೂಲಗಿತ್ತಿ ಅವಳು. ಎದುರಿಗೆ ದೊಡ್ಡಮ್ಮ ಎನ್ನುವವರೆಲ್ಲ ಬೆನ್ನ ಹಿಂದೆ ಗಾಲಿ ದೊಡ್ಡಮ್ಮ ಎನ್ನುತ್ತಿದ್ದರು. ಇದು ಅವಳಿಗೂ ಗೊತ್ತಿತ್ತು. ಆದರೆ ಬೈಯಬೇಕೆಂದರೆ ನಿಲ್ಲಬೇಕಲ್ಲ, ಅಷ್ಟು ಪುರುಸೊತ್ತು ಯಾರಿಗಿದೆ?

ತಾನು ಹುಟ್ಟಿದ್ದು ಯಾವಾಗ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಹೆತ್ತವಳು ಬೇಗ ತೀರಿಕೊಂಡಳು, ಸಾಕಿದ ಸೋದರತ್ತೆಯನ್ನು ಕೇಳಿದರೆ, "ಯಾವುದೋ ಒಂದು ವರ್ಷ, ಯಾವುದೋ ಒಂದು ದಿನ, ಹುಟ್ಟಿದೆಯಲ್ಲ ಸಾಕು" ಎಂದುಬಿಟ್ಟಿದ್ದಳು. ಆ ಮಾತು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಅದೇ ಅತ್ತೆಯಿಂದ ಹೆರಿಗೆಯ ಕೆಲಸ ಕಲಿತಾಗ ಒಂದು ಹಟ ತೊಟ್ಟಳು. ತನ್ನ ಕೈಗೆ ಬಂದ ಯಾವ ಮಗುವೂ ಯಾವುದೋ ಒಂದು ದಿನ ಹುಟ್ಟಿದ್ದು ಎನ್ನಿಸಿಕೊಳ್ಳಬಾರದು. ಪ್ರತಿಯೊಂದಕ್ಕೂ ಲೋಕದ ಒಂದು ದೊಡ್ಡ ಸಂಗತಿಯ ಗುರುತು ಇರಬೇಕು.

ಲೋಕದ ಸಂಗತಿಗಳು ಅವಳಿಗೆ ಸಿಗುತ್ತಿದ್ದದ್ದು ಮನೆಯ ಪಕ್ಕದ ಟಾಕೀಸಿನಲ್ಲಿ. ಅಲ್ಲಿ ರೀಲು ಓಡಿಸುವ ಆಪರೇಟರನ ಮಕ್ಕಳನ್ನೆಲ್ಲ ಹೊರತೆಗೆದವಳು ಅವಳೇ ಆದ್ದರಿಂದ ಟಿಕೇಟು ಕೇಳುವವರಿರಲಿಲ್ಲ. ಸಿನಿಮಾ ಅವಳಿಗೆ ಬೇಕಿರಲಿಲ್ಲ. ಅದಕ್ಕೆ ಮೊದಲು ತೋರಿಸುತ್ತಿದ್ದ ವಾರ್ತಾಚಿತ್ರವನ್ನು ಬಾಗಿಲ ಬಳಿ ನಿಂತೇ ನೋಡಿ, ಹಾಡು ಶುರುವಾಗುವ ಹೊತ್ತಿಗೆ ಹೊರಬಿದ್ದಿರುತ್ತಿದ್ದಳು. ಮನೆಯಲ್ಲಿ ರೇಡಿಯೋ ಇರಲಿಲ್ಲ. ಪತ್ರಿಕೆ ಓದುವಷ್ಟು ಅಕ್ಷರ ಕೂಡಿಸಿಕೊಂಡದ್ದು ಬಹಳ ತಡವಾಗಿ. ಬೀದಿಯಲ್ಲಿ ನಾಲ್ಕು ಜನ ಸೇರಿ ಏನಾದರೂ ಸುದ್ದಿ ಹೇಳಿದರೆ ಅವಳು ಮೂಗು ಮುರಿಯುತ್ತಿದ್ದಳು. ಪರದೆಯ ಮೇಲೆ ಕಣ್ಣಾರೆ ಕಂಡ ದಿನವೇ ಅವಳ ಪಾಲಿಗೆ ಅದು ನಡೆದ ದಿನ.

ಹೀಗೆ ಬೀದಿ ತುಂಬ ಲೋಕದ ಚರಿತ್ರೆ ಓಡಾಡತೊಡಗಿತು. ಆಕಾಶಕ್ಕೆ ಮೊದಲ ಉಪಗ್ರಹ ಹಾರಿಸಿದಾಗ ಹುಟ್ಟಿದ ಬೀಗ ರಿಪೇರಿಯವನ ಮಗನಿಗೆ ಉಪಗ್ರಹ ಎಂದೇ ಹೆಸರಾಯಿತು. ಈಗ ಹೊಟ್ಟೆ ಬಂದು ಆ ಹೆಸರು ಇನ್ನೂ ಚೆನ್ನಾಗಿ ಒಪ್ಪುತ್ತದೆ. ಒಬ್ಬರ ಗುಂಡಿಗೆ ತೆಗೆದು ಇನ್ನೊಬ್ಬರಿಗೆ ಇಟ್ಟ ಕಾಲದಲ್ಲಿ ಹುಟ್ಟಿದವಳು ಗುಂಡಿಗೆ. ಜಿರಳೆ ಕಂಡರೆ ಮಂಚ ಹತ್ತುವ ಹೆಣ್ಣಿಗೆ ಆ ಹೆಸರು. ಗಾಜಿನ ಪಾತ್ರೆಯಲ್ಲಿ ಜೀವ ಕಟ್ಟಿದ ಮಗು ಜಗತ್ತಿನಲ್ಲಿ ಮೊದಲ ಬಾರಿಗೆ ಹುಟ್ಟಿದ ಸುದ್ದಿ ಬಂದಾಗ ಮಾತ್ರ ದೊಡ್ಡಮ್ಮ ಆ ಗುರುತನ್ನು ಯಾರಿಗೂ ಕೊಡದೆ ಮುನಿಸಿಕೊಂಡಿದ್ದಳು. ಕೊನೆಗೆ ಹೆರುವುದಕ್ಕೆ ಒಬ್ಬ ತಾಯಿಯೇ ಬೇಕಾಯಿತಂತೆ ಎಂದು ತಿಳಿದ ಮೇಲೆ ಸಮಾಧಾನವಾಯಿತು. ಶಾಲೆಗೆ ಸೇರಿಸುವವರು, ಮದುವೆಗೆ ವಯಸ್ಸು ನೋಡುವವರು, ಎಲ್ಲರೂ ಅವಳನ್ನೇ ಕೇಳುತ್ತಿದ್ದರು. ಅವಳು ಹೇಳಿದ್ದಕ್ಕೆ ಎದುರಾಡಿದವರು ಒಬ್ಬರೇ ಒಬ್ಬರು, ಹಡಗಿನವನ ಹೆಂಡತಿ.

ಹಡಗಿನವನು ಯಂತ್ರದ ಕೋಣೆಯಲ್ಲಿ ಕೆಲಸ ಮಾಡುವವನು, ಮನೆಗೆ ಬರುವುದೇ ಅಪರೂಪ. ಒಂದು ಸಲ ಜನವರಿಯಲ್ಲಿ ಬಂದು ಎರಡು ತಿಂಗಳು ಇದ್ದು ಹೋದ. ಹೆಂಡತಿ ಬಟ್ಟೆ ಹೊಲಿದುಕೊಂಡು ಒಬ್ಬಳೇ ಇದ್ದಳು, ಅದೇ ವರ್ಷ ಹೆಣ್ಣು ಮಗು ಹೆತ್ತಳು. ದೊಡ್ಡಮ್ಮ ಟಾಕೀಸಿನ ಬಾಗಿಲಲ್ಲಿ ನಿಂತು, ಇಬ್ಬರು ಮನುಷ್ಯರು ಚಂದ್ರನ ಮೇಲೆ ಮೆಲ್ಲಮೆಲ್ಲಗೆ ಕುಪ್ಪಳಿಸುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾಗಲೇ ಕರೆ ಬಂದಿತ್ತು. ಚಂದ್ರನನ್ನು ಅಲ್ಲಿಗೇ ಬಿಟ್ಟು ಓಡಿದ್ದಳು. ಇನ್ನೆರಡು ವರ್ಷಕ್ಕೆ ಹಡಗಿನವನು ಮರಳಿ ಬಂದು ಬೀದಿಯಲ್ಲಿ ಎದುರಾದಾಗ, ಮಗು ಯಾವಾಗ ಹುಟ್ಟಿತೆಂದು ಸುಮ್ಮನೆ ಕೇಳಿದ. ಅವಳು ಹೆಮ್ಮೆಯಿಂದ ಹೇಳಿದಳು. ಮನುಷ್ಯ ಚಂದ್ರನ ಮೇಲೆ ಇಳಿದ ವಾರವೇ ನಿನ್ನ ಮಗಳೂ ಭೂಮಿಗಿಳಿದಳು ಎಂದು.

ಅವನ ಮುಖ ಕಪ್ಪಿಟ್ಟದ್ದನ್ನು ಅವಳು ಗಮನಿಸಲೇ ಇಲ್ಲ, ಆಗಲೇ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದಳು. ವಾರ ಕಳೆಯುವುದರೊಳಗೆ ಅವನು ಮನೆ ಬಿಟ್ಟ. ಚಂದ್ರನ ಮೇಲೆ ಇಳಿದದ್ದು ಜುಲೈಯಲ್ಲಿ ಎಂಬುದು ಹಡಗಿನವರಿಗೆಲ್ಲ ಗೊತ್ತಿತ್ತು. ಜನವರಿಯಲ್ಲಿ ಮನೆಗೆ ಬಂದವನಿಗೆ ಜುಲೈಯಲ್ಲಿ ತುಂಬು ಮಗು ಹೇಗೆ ಹುಟ್ಟೀತು? ಬೀದಿಗೆ ಬಾಯಿ ಬಂತು. ಆಗ ಅವನ ಹೆಂಡತಿ ದೊಡ್ಡಮ್ಮನ ಮನೆಗೆ ಬಂದು ಬೇಡಿಕೊಂಡಳು. ಜುಲೈ ಅಲ್ಲ, ಆಗ ಚಳಿಗಾಲ, ನೀವೇ ಇದ್ದಿರಲ್ಲ, ಗಡಗಡ ನಡುಗುತ್ತಿದ್ದೆನಲ್ಲ, ಅಷ್ಟನ್ನು ಅವರಿಗೆ ಹೇಳಿ ಸಾಕು ಎಂದಳು. ದೊಡ್ಡಮ್ಮನಿಗೆ ಸಿಟ್ಟು ನೆತ್ತಿಗೇರಿತು. ತನ್ನ ಬಾಯಲ್ಲಿ ಸುಳ್ಳು ಹೇಳಿಸಲು ಬಂದಿದ್ದಾಳೆ ಎಂದುಕೊಂಡಳು.

"ಹೆರುವವಳಿಗೆ ಯಾವಾಗಲೂ ಚಳಿಯೇ. ತಿಂಗಳು ಗಿಂಗಳು ನನಗೆ ಗೊತ್ತಿಲ್ಲ, ಚಂದ್ರ ಅಂದ್ರೆ ಚಂದ್ರ. ನಿನಗೋಸ್ಕರ ಬದಲಾಯಿಸೋಕಾಗಲ್ಲ" ಎಂದು ಬಾಗಿಲು ಹಾಕಿಕೊಂಡಳು.

ಆಮೇಲೆ ಆ ಹೆಣ್ಣು ದೊಡ್ಡಮ್ಮನನ್ನು ಕಂಡರೆ ರಸ್ತೆ ದಾಟಿ ಹೋಗುತ್ತಿದ್ದಳು. ನಾಚಿಕೆಯಿಂದ ಹಾಗೆ ಮಾಡುತ್ತಾಳೆ ಎಂದು ದೊಡ್ಡಮ್ಮ ನಾಲ್ಕು ಕಡೆ ಹೇಳಿಯೂ ಇದ್ದಳು. ಹೊಲಿಗೆ ಯಂತ್ರ ತುಳಿಯುತ್ತಲೇ ಮಗಳನ್ನು ಬೆಳೆಸಿ, ಮಗಳ ಕೈಗೆ ಅಂಗಡಿ ಕೊಟ್ಟು ಅವಳು ಸತ್ತಳು. ಹಡಗಿನವನು ನೌಕರಿ ಮುಗಿಸಿ ಬಂದು ಬಂದರಿನ ಬಳಿ ಹಗ್ಗದಂಗಡಿಯ ಮೇಲೆ ಒಂದು ಕೋಣೆ ಹಿಡಿದ. ಮಗಳ ಅಂಗಡಿ ಇದ್ದ ಬೀದಿಗೆ ಕಾಲಿಡಲಿಲ್ಲ. ಎರಡು ಬೀದಿಯ ದೂರದಲ್ಲಿ ಅಪ್ಪ ಮಗಳು ಹೀಗೆ ಅಪರಿಚಿತರಾಗಿ ಬದುಕಿದರು.

ಇಷ್ಟೆಲ್ಲ ಆಗಿ, ಶತಮಾನ ಮುಗಿಯಿತೆಂದು ಪತ್ರಿಕೆಯವರು ದಪ್ಪ ಪುರವಣಿ ತಂದರು. ದೊಡ್ಡಮ್ಮನಿಗೆ ಆಗ ಎಪ್ಪತ್ತರ ಹತ್ತಿರ. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋಗಿದ್ದವು, ಕಾಲಿನ ಚಕ್ರ ಮಾತ್ರ ನಿಂತಿರಲಿಲ್ಲ. ಟಾಕೀಸು ಗೋದಾಮಾಗಿತ್ತು, ಆಪರೇಟರನ ಕಣ್ಣು ಮಂಜಾಗಿತ್ತು. ದಿನವೂ ಅವನಿಗೆ ಪತ್ರಿಕೆ ಓದಿ ಹೇಳುವುದು ಅವಳೇ, ಅದೂ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತ. ಓದು ನಿಂತರೂ ನಡಿಗೆ ನಿಲ್ಲುತ್ತಿರಲಿಲ್ಲ. ಅಂದು ಎರಡೂ ಒಟ್ಟಿಗೆ ನಿಂತವು. ಸಾವಿರದ ಒಂಬೈನೂರ ಅರವತ್ತೊಂಬತ್ತು, ಜುಲೈ, ಚಂದ್ರನ ಮೇಲೆ ಮನುಷ್ಯನ ಮೊದಲ ಹೆಜ್ಜೆ ಎಂದು ಓದಿದವಳು, ಪತ್ರಿಕೆಯವರಿಗೆ ತಲೆ ಕೆಟ್ಟಿದೆ ಎಂದಳು. ಅವತ್ತು ಟಾಕೀಸಿನ ಬಾಗಿಲಲ್ಲಿ ನಿಂತು ಚಳಿಗೆ ತನ್ನ ಬೆರಳು ಸೆಟೆದುಹೋಗಿದ್ದವು, ಮಗು ಹಿಡಿಯುವ ಮೊದಲು ಕೆಂಡಕ್ಕೆ ಕೈ ಕಾಯಿಸಿಕೊಳ್ಳಬೇಕಾಯಿತು, ಜುಲೈಯಲ್ಲಿ ಯಾರಾದರೂ ಕೈ ಕಾಯಿಸಿಕೊಳ್ಳುತ್ತಾರೆಯೇ ಎಂದು ಪುರವಣಿಯನ್ನೇ ಗದರಿಸಿದಳು.

ಆಪರೇಟರ್ ನಕ್ಕ. "ಪೇಪರ್ ಸರಿಯಾಗೇ ಇದೆ ಅಕ್ಕ. ನಮ್ಮ ಟಾಕೀಸಿಗೆ ಹೊಸ ರೀಲು ಯಾವತ್ತು ಬಂದಿತ್ತು ಹೇಳಿ? ದೊಡ್ಡ ಊರುಗಳಲ್ಲೆಲ್ಲ ಓಡಿ, ಗೀರು ಬಿದ್ದ ಮೇಲೆ ನಮಗೆ. ನಾನು ಚಂದ್ರನ ರೀಲು ಹಾಕಿದ್ದು ನವೆಂಬರಲ್ಲಿ. ಅಷ್ಟರಲ್ಲಿ ಎರಡನೇ ಸಲದವರೂ ಚಂದ್ರನಿಗೆ ಹೊರಟಿದ್ರು. ರೇಡಿಯೋದಲ್ಲಿ ಅದನ್ನ ಕೇಳ್ಕೊಂಡು ನಗ್ತಾ ಕೆಲಸಕ್ಕೆ ಬಂದಿದ್ದೆ."

"ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು?"

ಉಪಗ್ರಹನೂ ಗುಂಡಿಗೆಯೂ ಕೆಲವು ತಿಂಗಳು ಹಿಂದೆ ಮುಂದೆ ಆದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ಆ ಒಬ್ಬಳು? ಬಾಗಿಲಿಗೆ ಬಂದು ಬೇಡಿದವಳು ಸುಳ್ಳು ಹೇಳಿಸಲು ಬಂದಿರಲಿಲ್ಲ. ಸುಳ್ಳು ಹೇಳಿದವಳು ತಾನು, ಅದೂ ತಲೆಯೆತ್ತಿಕೊಂಡು, ಬೀದಿಗೆಲ್ಲ ಕೇಳುವಂತೆ. ಫೆಬ್ರವರಿಯಿಂದ ನವೆಂಬರಿಗೆ ಲೆಕ್ಕ ನೆಟ್ಟಗಿತ್ತು. ಅವಳು ಪುರವಣಿಯನ್ನು ಆಪರೇಟರನ ಮಡಿಲಿಗೆ ಹಾಕಿ ಹೊರಬಿದ್ದಳು.

ತಪ್ಪು ಗೊತ್ತಾದ ಮೇಲೆ ಎರಡು ದಿನ ಹಾಸಿಗೆ ಹಿಡಿಯುವವರಿದ್ದಾರೆ. ಅದು ಅವಳ ಜಾಯಮಾನವಲ್ಲ. ಜೊತೆಗೆ ಹೊತ್ತೂ ಇರಲಿಲ್ಲ. ಹಡಗಿನವನು ಕೋಣೆ ಖಾಲಿ ಮಾಡಿ ದೂರದ ಊರಿನ ತಂಗಿಯ ಮನೆಗೆ ಶಾಶ್ವತವಾಗಿ ಹೊರಟಿದ್ದಾನೆಂದು ನಿನ್ನೆಯಷ್ಟೇ ಕೇಳಿದ್ದಳು. ಅವನು ಹೋದ ಮೇಲೆ ಈ ಮಾತನ್ನು ಯಾರ ಮುಂದೆ ಇಟ್ಟು ಏನು ಪ್ರಯೋಜನ? ಬಂದರಿನ ದಾರಿಯಲ್ಲಿ ಎರಡು ಸಲ ಚಪ್ಪಲಿ ಕಳಚಿತು, ಎರಡನೆಯ ಸಲ ಕೈಯಲ್ಲೇ ಹಿಡಿದುಕೊಂಡಳು.

ಹಗ್ಗದಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂದಿತ್ತು. ಕೋಣೆಯಲ್ಲಿ ಸುತ್ತಿಟ್ಟ ಹಾಸಿಗೆ, ಎರಡು ಪೆಟ್ಟಿಗೆ, ಗೋಡೆಯ ಮೇಲೆ ಕ್ಯಾಲೆಂಡರ್ ತೆಗೆದ ಬಿಳಿಯ ಗುರುತು. ಅವನು ಕೂರಲು ಹೇಳಲಿಲ್ಲ, ಹೇಳಿದ್ದರೂ ಅವಳು ಕೂರುತ್ತಿರಲಿಲ್ಲ. ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಲೇ ರೀಲು, ನವೆಂಬರು, ಆಪರೇಟರ್ ಎಲ್ಲವನ್ನೂ ಹೇಳಿದಳು. ಅವನು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಲೇ ಕೇಳಿದ. ಮೂವತ್ತು ವರ್ಷ ಆದ ಮೇಲೆ ನಿಮ್ಮನ್ನು ಯಾರು ಕಳಿಸಿದರು, ಆ ಹುಡುಗಿಯೇ ಎಂದು ತಣ್ಣಗೆ ವಿಚಾರಿಸಿದ.

"ಯಾರೂ ಕಳಿಸಿಲ್ಲ. ಆ ಹುಡುಗಿಗೆ ನಾನು ಬಂದಿದ್ದೇ ಗೊತ್ತಿಲ್ಲ. ನೋಡಯ್ಯ, ನೀನವತ್ತು ಯಾವಾಗ ಅಂತ ಕೇಳಿದೆ, ಹೇಗೆ ಅಂತ ಕೇಳಲಿಲ್ಲ. ನಿನ್ನ ಹಡಗಿನ ಉಣ್ಣೆ ಕೋಟು ಒಂದಿತ್ತಲ್ಲ, ಹಿತ್ತಾಳೆ ಗುಂಡಿಯದು? ಅದನ್ನ ನಿನ್ನ ಹೆಂಡತಿ ಕಿವಿ ಮುಚ್ಚೋ ಹಾಗೆ ಹೊದ್ದುಕೊಂಡಿದ್ಲು. ನೋವು ಬಂದಾಗಲೆಲ್ಲ ಅದರ ಕಾಲರು ಕಚ್ಚಿದ್ಲು. ಬೀದಿ ತುಂಬ ಮಂಜು ಇತ್ತು, ನೀರು ಕಾಯೋಕೆ ಯುಗವಾಯ್ತು. ಜುಲೈಯಲ್ಲಿ ಆ ಕೋಟು ಹೊದ್ದರೆ ಬೆಂದುಹೋಗ್ತಾರೆ."

ಅವನು ಹಗ್ಗ ಬಿಟ್ಟ. ಪೆಟ್ಟಿಗೆಯ ಮೇಲೇ ಕೂತ. ಆ ಜುಲೈಯಲ್ಲಿ ಹಡಗಿನಲ್ಲಿ ಎಲ್ಲರೂ ರೇಡಿಯೋ ಸುತ್ತ ಕುಣಿದಿದ್ದರಂತೆ. ಬಸುರಿ ಹೆಂಡತಿಗೂ ಈ ಸುದ್ದಿ ಮುಟ್ಟಿರಬಹುದೇ ಎಂದು ಅವನು ಅವತ್ತು ಯೋಚಿಸಿದ್ದನಂತೆ.

"ಕೋಟಿನ ವಿಷಯ ಅವಳೂ ಹೇಳಿದ್ಲು" ಎಂದ. "ಕತೆ ಕಟ್ಟಿ ಹೇಳ್ತಾಳೆ ಅಂದ್ಕೊಂಡೆ. ಅವಳ ಮಾತಿಗಿಂತ ನಿಮ್ಮ ಮಾತು ದೊಡ್ಡದು ಅಂದ್ಕೊಂಡೆ."

"ನಾನೂ ಹಾಗೇ ಅಂದ್ಕೊಂಡಿದ್ದೆ" ಎಂದಳು ದೊಡ್ಡಮ್ಮ.

ಇಬ್ಬರೂ ಒಟ್ಟಿಗೆ ಹೊರಟರು. ಆ ಬೀದಿಯ ತಿರುವಿನಲ್ಲಿ ಅವನು ಹಿಂಜರಿದ, ಅವಳು ತೋಳು ಹಿಡಿದು ಎಳೆದುಕೊಂಡೇ ಹೋದಳು. ಹೊಲಿಗೆಯಂಗಡಿಯಲ್ಲಿ ಮಗಳು ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಒಂದು ಅಂಗಿಯ ತೋಳು ಕೂಡಿಸುತ್ತಿದ್ದಳು. ಬಂದವರನ್ನು ನೋಡಿ ಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿಟ್ಟಳು. ದೊಡ್ಡಮ್ಮ ಹೇಳುವುದನ್ನೆಲ್ಲ ಹೇಳಿ ಮುಗಿಸಿದಳು. ಹಡಗಿನವನು ಬಾಗಿಲಲ್ಲೇ ತಲೆ ತಗ್ಗಿಸಿ ನಿಂತಿದ್ದ.

"ಅಮ್ಮ ನಿಮ್ಮ ಮನೆಗೆ ಬಂದು ಕೇಳಿದ್ಲಂತೆ" ಎಂದಳು ಮಗಳು ಕೊನೆಗೆ. "ಹೌದಾ ದೊಡ್ಡಮ್ಮ?"

"ಬಂದಿದ್ಲು. ಬೈದು ಕಳಿಸಿದೆ."

ಮಗಳು ಎದ್ದು ಮೇಲಿನ ಹಲಗೆಯಿಂದ ಒಂದು ಡಬ್ಬ ಇಳಿಸಿದಳು, ಗುಂಡಿಗಳ ಡಬ್ಬ. ಅಪ್ಪನ ಕಡೆ ಸರಿಯಾಗಿ ನೋಡದೆಯೇ, ಆ ಕೋಟನ್ನು ಅಮ್ಮ ಕತ್ತರಿಸಿ ತನಗೊಂದು ಪುಟ್ಟ ಕೋಟು ಹೊಲಿದಿದ್ದಳು, ಅದೂ ಹರಿದುಹೋಯಿತು, ಗುಂಡಿ ಮಾತ್ರ ಇದರಲ್ಲೇ ಎಲ್ಲೋ ಇವೆ, ಬೇಕಾದರೆ ಹುಡುಕಿಕೊಳ್ಳಿ ಎಂದಳು. ಅಪ್ಪ ಎಂದು ಕರೆಯಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅವನು ಗಿರಾಕಿಗಳ ಬೆಂಚಿನ ಮೇಲೆ ಕೂತು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಕೆದಕತೊಡಗಿದ. ಮಗಳು ದೀಪವನ್ನು ಅವನ ಕಡೆಗೆ ತಿರುಗಿಸಿದಳು.

ದೊಡ್ಡಮ್ಮ ಆಗಲೇ ಹೊರಡಲು ತಿರುಗಿದ್ದಳು, ಬಂದ ಕೆಲಸ ಮುಗಿಯಿತಲ್ಲ. ಹಿಂದಿನಿಂದ ಮಗಳು ಕರೆದಳು.

"ಇವರಿಗೆ ಹೇಳಿದ್ರಿ, ನನಗೆ ಹೇಳಿದ್ರಿ. ಬೀದಿಗೆ ಯಾರು ಹೇಳ್ತಾರೆ ದೊಡ್ಡಮ್ಮ? ಅಮ್ಮ ಸಾಯೋವರೆಗೂ ಇದೇ ಬೀದಿಯಲ್ಲಿ ತಲೆ ತಗ್ಗಿಸ್ಕೊಂಡು ಓಡಾಡಿದ್ಲು."

ದೊಡ್ಡಮ್ಮ ನಿಂತಳು. ಈ ಬೀದಿಯಲ್ಲಿ ಅವಳು ಓಡುತ್ತ ಓಡುತ್ತಲೇ ಎಷ್ಟು ಮಾತು ಎಸೆದು ಹೋಗಿದ್ದಳು, ತಿರುಗಿ ನೋಡಿದ್ದು ಇದೇ ಮೊದಲು. ಅವಳಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು. ಕೈಯಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡಳು, ಸೆರಗು ಸಿಕ್ಕಿಸಿಕೊಂಡಳು, ಬೀದಿ ಶುರುವಾಗುವ ಮೂಲೆಗೆ, ಹಳೆಯ ಟಾಕೀಸಿನ ಆಚೆಗಿನ ಮೊದಲ ಮನೆಗೆ ನಡೆದಳು. ಅದು ಉಪಗ್ರಹನ ಮನೆ. ಅವನೇ ಬಾಗಿಲು ತೆಗೆದು, ಏನು ದೊಡ್ಡಮ್ಮ, ಬನ್ನಿ, ಕೂತ್ಕೊಳ್ಳಿ ಎಂದ.

"ಕೂರೋದಿಲ್ಲ. ಹೆಂಡತಿಯನ್ನೂ ಕರಿ, ನಿನ್ನ ಅಮ್ಮನನ್ನೂ ಕರಿ" ಎಂದಳು. ಮೂವರೂ ಬಂದು ನಿಂತ ಮೇಲೆ, ಎಂದೂ ಇಲ್ಲದಷ್ಟು ನಿಧಾನವಾಗಿ ಹೇಳಿದಳು. "ಹಡಗಿನವನ ಮಗಳು ಹುಟ್ಟಿದ್ದು ಜುಲೈಯಲ್ಲಲ್ಲ, ನವೆಂಬರಲ್ಲಿ. ಅವಳಮ್ಮ ಹೇಳಿದ್ದೇ ನಿಜ. ತಪ್ಪು ಹೇಳಿದವಳು ನಾನು."

ಅವರು ಏನೋ ಕೇಳಲು ಬಾಯಿ ತೆರೆದರು. ಅವಳು ಅವರ ಪ್ರಶ್ನೆ ಮುಗಿಯುವವರೆಗೂ ಅಲ್ಲೇ ನಿಂತು, ಎಲ್ಲಕ್ಕೂ ಉತ್ತರ ಕೊಟ್ಟು, ಆಮೇಲೆ ಪಕ್ಕದ ಮನೆಯ ಬಾಗಿಲು ತಟ್ಟಿದಳು.