ಮಗ್ಗದ ಕುಣಿಯಲ್ಲಿ ನೆಟ್ಟ ಕಣ್ಣು

ಇಳಕಲ್ಲಿನಲ್ಲಿರುವ ನನ್ನ ತಮ್ಮನ ಮನೆ. ಮಧ್ಯಾಹ್ನ. ಅವನ ಕಿರಿಯ ಮಗಳು ಇಂಗ್ಲಿಷ್ ಪುಸ್ತಕ ಹಿಡಿದು ನನ್ನೆದುರು ಕೂತಿದ್ದಳು.

"ಅತ್ತಿ, ಸ್ಟೇರ್ ಅಂದ್ರ ನೋಡೋದು ಅಂತ ಬರದಿದ್ದೆ. ಟೀಚರ್ ಅರ್ಧಾ ಮಾರ್ಕ್ಸ್ ಕೊಟ್ಟಾರ."

"ಅರ್ಧಾನೂ ಹೆಚ್ಚಾತು. ಅಂಗಡ್ಯಾಗ ಸೀರಿ ನೋಡೋದೂ ನೋಡೋದ. ಇದು ಹಂಗಲ್ಲವ್ವಾ, ರೆಪ್ಪಿ ಬಡೀದಂಗ ನೋಡೋದು. ಹೊಸಾ ಸೊಸಿ ರೊಟ್ಟಿ ಬಡಿಯೋವಾಗ ಅತ್ತಿ ನೋಡ್ತಾಳಲ್ಲ, ಹಂಗ."

"ಮತ್ತ ಗೇಝ್? ಅದಕ್ಕೂ ನೋಡೋದು ಅಂತನ ಐತಿ."

"ಅದರಾಗ ಅಕ್ಕರಿ ಇರ್ತೈತಿ. ತವರಮನಿಗೆ ಬರಾಕಿ ಬಸ್ಸಿನ ಕಿಟಕ್ಯಾಗ ಹೊಳಿ ನೋಡ್ತಾಳಲ್ಲ, ಅದು."

ಅವಳು ಬರೆದುಕೊಳ್ಳಲಿಲ್ಲ. ನನ್ನ ಹೆಗಲಾಚೆ ನೋಡುತ್ತಿದ್ದಳು.

"ಅತ್ತಿ, ಹುಳ."

ತಿರುಗಿದೆ. ನೇಯುವವರು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಯೊಳಗೆ ನಾಗರಹಾವೊಂದು ಇಳಿಯುತ್ತಿತ್ತು. ತಮ್ಮ ಪೇಟೆಗೆ ಹೋಗಿದ್ದ. ಬಾಣಂತನಕ್ಕೆ ಬಂದಿದ್ದ ಅವನ ಹಿರಿಯ ಮಗಳು ಹಿತ್ತಲ ಬಚ್ಚಲಲ್ಲಿದ್ದಳು. ಅವಳ ಮೂರು ತಿಂಗಳ ಕೂಸು ಮಗ್ಗದ ಆಚೆ, ಹಿತ್ತಲ ಬಾಗಿಲ ಬಳಿ ತೊಲೆಗೆ ಕಟ್ಟಿದ ಜೋಳಿಗೆಯಲ್ಲಿ ಮಲಗಿತ್ತು. ನಾನಿದ್ದ ಕಡೆಯಿಂದ ಅಲ್ಲಿಗೆ ಹೋಗಬೇಕೆಂದರೆ ಕುಣಿಯ ಅಂಚನ್ನೇ ತುಳಿಯಬೇಕು.

ಹಾವು ಮನೆ ಹೊಕ್ಕಾಗ ಏನು ಮಾಡಬೇಕೆಂದು ನಮ್ಮಜ್ಜ ಕಲಿಸಿದ್ದ: "ಒಬ್ಬರು ಓಡಬೇಕು, ಒಬ್ಬರು ಕಣ್ಣಿಡಬೇಕು. ಕಣ್ಣ ತಗದ್ರೋ, ಮನಿ ತುಂಬ ಅದ ಇರತೈತಿ."

ಹುಡುಗಿ ಹಾವು ಹಿಡಿಯುವವನನ್ನು ಕರೆಯಲು ಓಡಿದಳು. ನಾನು ಕಣ್ಣಿಟ್ಟೆ.

ತುಳಿಯುವ ಹಲಗೆಯ ಕೆಳಗೆ ಬಾಲದ ತುದಿಯಷ್ಟೇ ಕಾಣುತ್ತಿತ್ತು. ಕೂಗಿದರೆ ಎತ್ತ ಹೊರಳೀತೋ ಎಂದು ಹಿತ್ತಲಲ್ಲಿದ್ದವಳನ್ನೂ ಕರೆಯಲಿಲ್ಲ. ಬಹಳ ಹೊತ್ತು ಒಂದೇ ಕಡೆ ನೋಡಿದರೆ ನೋಡಿದ್ದೂ ಕರಗುತ್ತದೆ. ಬಾಲ ಹಗ್ಗವಾಯಿತು, ಹಗ್ಗ ನೆರಳಾಯಿತು. ಕಣ್ಣಲ್ಲಿ ನೀರು ತುಂಬಿತು. ಒರೆಸಿಕೊಳ್ಳಲು ಧೈರ್ಯ ಸಾಲಲಿಲ್ಲ.

ಆಗ ಕೂಸು ಚಿಟ್ಟನೆ ಚೀರಿತು.

ಹಸಿವೆಯೋ, ಇರುವೆಯೋ? ಅಥವಾ ಕುಣಿಗೆ ಇಳಿದಿದ್ದು ಒಂದು, ಜೋಳಿಗೆಯ ಹತ್ತಿರ ಇನ್ನೊಂದು ಹಾವೋ? ಕತ್ತು ತಾನಾಗಿ ಹೊರಳಲು ನೋಡಿತು. ಹಲ್ಲು ಕಚ್ಚಿ ಹಿಡಿದೆ. ಕೂಸಿನ ದನಿ ಏರುತ್ತಾ ಹೋಗಿ ಒಮ್ಮೆಲೇ ನಿಂತಿತು. ಚೀರುವುದಕ್ಕಿಂತ ಆ ನಿಲ್ಲುವಿಕೆಗೇ ನಾನು ಹೆಚ್ಚು ಹೆದರಿದೆ.

"ಅತ್ತಿ, ಯಾಕ ಹಂಗ ನಿಂತೀ? ಕೂಸು ಅಳೋದು ಕೇಳಸಲಿಲ್ಲೇನು?" ಹಿತ್ತಲ ಬಾಗಿಲಿಂದ ಒಳಬಂದಿದ್ದ ಬಾಣಂತಿಯ ದನಿ, ಜೋಳಿಗೆಯ ಹತ್ತಿರದಿಂದ.

"ಎತ್ಕೊಂಡಿಯೇನು?"

"ಎತ್ಕೊಂಡೇನಿ."

"ಬಂದ ದಾರಿ ಹಿಡದು ಹೊರಗ ಹೋಗು. ಕುಣ್ಯಾಗ ಹುಳ ಐತಿ."

ಅವಳ ಒದ್ದೆ ಹೆಜ್ಜೆಗಳು ಹಿಂದೆ ಸರಿದದ್ದು ಕೇಳಿಸಿತು, ಕಾಣಲಿಲ್ಲ.

ಹಾವು ಹಿಡಿಯುವವನು ಬಂದ. ಬೆರಳು ತೋರಿಸಿದೆ. ಕೊಕ್ಕೆಯಿಂದ ಎಳೆದು ಡಬ್ಬಿಗೆ ಹಾಕಿ ಮುಚ್ಚಿದ. "ಅಕ್ಕಾರ, ಸಿಕ್ತು ಬಿಡ್ರಿ. ಇನ್ನರ ಕಣ್ಣ ಮುಚ್ಚರಿ."

ಮುಚ್ಚಿದೆ. ಕತ್ತಲಲ್ಲೂ ಆ ಬಾಲ ಕಾಣುತ್ತಿತ್ತು.

ಹೊರಗೆ ಕಟ್ಟೆಯ ಮೇಲೆ ಕೂಸನ್ನು ನನ್ನ ತೊಡೆಗೆ ಹಾಕಿದರು. ಅತ್ತಿದ್ದ ಕೆನ್ನೆ ಇನ್ನೂ ಒದ್ದೆ. ಅದು ರೆಪ್ಪೆ ಬಡಿಯದೆ ನನ್ನ ಮುಖವನ್ನೇ ನೋಡಿತು, ನೋಡುತ್ತಲೇ ಇತ್ತು. ನನ್ನಿಂದ ತಡೆಯಲಾಗಲಿಲ್ಲ. ಅದು ಚೀರಿದಾಗ ಹೊರಳದ ಮುಖವನ್ನು ಈಗ ಹೊರಳಿಸಿಕೊಂಡೆ.